ಬೇಟೆಯ ವರ್ಣನೆಯೂ ಬೇಟೆಯ ಅರಿವೂ

ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ಮೃಗಯೆಗೆ ಸ್ಥಾನವಿಲ್ಲ. ನಗರ, ಸಮುದ್ರ, ಪರ್ವತ, ಋತು, ಜಲಕ್ರೀಡೆ, ಮಧುಪಾನ ಮೊದಲಾದುವೆಲ್ಲ ಅಲ್ಲಿ ಉಂಟು, ಬೇಟೆ ಇಲ್ಲ. 14ನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ಅದನ್ನು ಸೇರಿಸಿದನು. ಕನ್ನಡದ ಕವಿಗಳಾದರೋ ಅಷ್ಟು ಕಾಲ ಕಾಯಲಿಲ್ಲ. 941ರಲ್ಲಿಯೇ ಪಂಪನು ವಿಕ್ರಮಾರ್ಜುನ ವಿಜಯದ ಐದನೆಯ ಆಶ್ವಾಸದಲ್ಲಿ, ಖಾಂಡವದಹನಕ್ಕೆ ಮೊದಲು, ಕೃಷ್ಣಾರ್ಜುನರನ್ನು ಬೇಟೆಗೆ ಕಳುಹಿಸಿದನು. ಅಲ್ಲಿಂದ ಮುಂದೆ ಬೇಟೆಯು ಕನ್ನಡ ಕಾವ್ಯಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಆದರೆ ಅವುಗಳಲ್ಲಿ ಎಷ್ಟು ಬೇಟೆಗಳು ಬೇಟೆಯನ್ನು ಬಲ್ಲವರು ಬರೆದವು, ಎಷ್ಟು ಕಾವ್ಯಕ್ಕೆ ಬೇಕೆಂದು ಬರೆದವು ಎಂಬ ಪ್ರಶ್ನೆಯನ್ನು ವಿಮರ್ಶಕರು ಹೆಚ್ಚಾಗಿ ಕೇಳಿದಂತೆ ತೋರುವುದಿಲ್ಲ.

ಈ ಪ್ರಶ್ನೆಗೆ ಒರೆಗಲ್ಲಾಗಬಲ್ಲ ನೆಲವು ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆ. ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವು ಸೇರಿವೆ. ಮರ ವಿರಳ, ಹುಲ್ಲು ಹೇರಳ. ಅಮೃತಮಹಲಿನ ಕಾವಲುಗಳು ಇದ್ದುದು ಇಲ್ಲಿಯೇ. ಇಲ್ಲಿಯ ಮೃಗವೆಂದರೆ ಕೃಷ್ಣಮೃಗ. ರೂಢಿಯಲ್ಲಿ ಅದನ್ನು ಜಿಂಕೆಯೆಂದೇ ಕರೆಯುವರಾದರೂ ಅದು ಚುಕ್ಕೆಜಿಂಕೆ ಕಡವೆಗಳ ಜಾತಿಗೆ ಸೇರಿದುದಲ್ಲ. ಅವುಗಳ ಕವಲುಗೊಂಬುಗಳು ಕಾಲಕಾಲಕ್ಕೆ ಉದುರಿ ಮತ್ತೆ ಮೂಡುವುವು. ಇದರ ತಿರುಚುಗೊಂಬುಗಳು ಉದುರುವುದಿಲ್ಲ. ಎರಳೆ, ಹುಲ್ಲೆ, ಚಿಗರೆ, ಜಿಂಕೆ ಎಂಬ ಮಾತುಗಳನ್ನು ಕವಿಗಳು ಪ್ರಾಸಕ್ಕೂ ಛಂದಸ್ಸಿಗೂ ಒದಗಿದಂತೆ ಒಂದರ ಬದಲು ಒಂದನ್ನು ಬಳಸುವುದುಂಟು. ಬೇಟೆಗಾರನು ಹಾಗೆ ಬಳಸಿದರೆ ಅವನ ಮನೆಯ ಒಲೆ ಉರಿಯದು.

ಬಯಲಿನ ಈ ಮೃಗವು ಮುಖ್ಯವಾಗಿ ನಂಬಿಕೊಂಡಿರುವುದು ಕಣ್ಣನ್ನು. ಅಪಾಯವನ್ನು ಕಂಡೊಡನೆ ಒಂದು ಪ್ರಾಣಿ ನೆಟ್ಟಗೆ ಮೇಲಕ್ಕೆ ನೆಗೆಯುವುದು; ಬಳಿಕ ಹಿಂಡೆಲ್ಲ ನೆಗೆನೆಗೆದು ಓಡುವುದು. ಬಲಿತ ಗಂಡು ತನ್ನ ಎಲ್ಲೆಯನ್ನು ಹಿಕ್ಕೆಯ ಗುಪ್ಪೆಗಳಿಂದ ಗುರುತಿಟ್ಟು, ಓಡಿಸಿದರೂ ಅಲ್ಲಿಗೇ ಮರಳುವುದು. ಕಾಲ್ನಡೆಯ ಮನುಷ್ಯನನ್ನು ದೂರದಿಂದಲೇ ಶಂಕಿಸುವ ಈ ಮೃಗವು ಹೊಲದ ಎತ್ತಿಗೂ ಬಂಡಿಗೂ ಅಷ್ಟಾಗಿ ಬೆದರುವುದಿಲ್ಲ. ಆದುದರಿಂದ ಹಿಂದಿನ ಬೇಟೆಗಾರನು ಎತ್ತಿನ ಮರೆಯಲ್ಲಿ ನಡೆಯುತ್ತಿದ್ದನು. ನೇರವಾಗಿ ಮೃಗದ ಕಡೆಗೆ ಹೋಗದೆ, ಬೇರೆಲ್ಲಿಗೋ ಹೊರಟವನಂತೆ ಓರೆಯಾಗಿ ಸುತ್ತಿ ಸಮೀಪಿಸುತ್ತಿದ್ದನು. ಸಿವಂಗಿಯನ್ನು ಸಾಕಿ ಬೇಟೆಯಾಡಿಸುತ್ತಿದ್ದ ಅರಸರೂ ಅದನ್ನು ಹಿಂಡಿನ ಬಳಿಗೆ ಎತ್ತಿನ ಬಂಡಿಯಲ್ಲಿಯೇ ಒಯ್ಯಿಸುತ್ತಿದ್ದುದು ಈ ಕಾರಣದಿಂದ.

ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಕುಂತಲದ ಮೊದಲನೆಯ ಅಂಕವನ್ನು ಓದಬೇಕು. ದುಷ್ಯಂತನು ಅಟ್ಟಿಕೊಂಡು ಬರುವ ಮೃಗವು ಬರಿಯ ಹರಿಣವಲ್ಲ. ಸಾರಥಿಯು ಅದನ್ನು ಕೃಷ್ಣಸಾರವೆಂದು ಹೆಸರಿಟ್ಟು ಹೇಳುತ್ತಾನೆ. ಅದು ನೆಲದ ಮೇಲಿಗಿಂತ ಗಾಳಿಯಲ್ಲೇ ಹೆಚ್ಚಾಗಿ ಸಾಗುವುದೆಂಬ ಕಾಳಿದಾಸನ ಮಾತನ್ನು ಪಂಡಿತರು ಉತ್ಪ್ರೇಕ್ಷೆಯ ಚಮತ್ಕಾರವೆಂದು ತಲೆದೂಗುವರು. ಕಾವಲಿನ ಅಂಚಿನಲ್ಲಿ ದನ ಮೇಯಿಸಿದ ಹುಡುಗನು ಅದನ್ನು ಕೇಳಿದರೆ, ಅದರಲ್ಲಿ ಚಮತ್ಕಾರವೇನೂ ಇಲ್ಲ, ಕಂಡದ್ದನ್ನು ಕಂಡಂತೆ ಹೇಳಿದೆ ಎಂದಾನು. ಇವರಿಬ್ಬರಲ್ಲಿ ಕವಿಗೆ ಹೆಚ್ಚಿನ ಗೌರವ ಸಲ್ಲಿಸಿದವನು ಆ ಹುಡುಗನೇ.

ಪಂಪನ ಬೇಟೆಯೂ ಈ ಪರೀಕ್ಷೆಯಲ್ಲಿ ಸೋಲುವುದಿಲ್ಲ. ಆ ಭಾಗದಲ್ಲಿ ಬೇಟೆಗಾರರ ಕಸುಬಿನ ಮಾತುಗಳು ತುಂಬಿವೆ. ಇಂದಿನ ಓದುಗನು ಅಲ್ಲಿ ಹೆಜ್ಜೆ ಹೆಜ್ಜೆಗೂ ಎಡವುತ್ತಾನೆ. ಈ ತೊಡಕನ್ನು ದೋಷವೆಂದು ಎಣಿಸಬಾರದು. ಬನವಾಸಿಯ ಕೋಗಿಲೆಯನ್ನು ಬಲ್ಲ ಕವಿ ಬೇಡರ ಮಾತನ್ನೂ ಕಿವಿಗೊಟ್ಟು ಕೇಳಿದ್ದನೆಂಬುದಕ್ಕೆ ಅದೇ ಸಾಕ್ಷಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಬೇಟೆಗೆ ಬೇರೊಂದು ತೂಕವುಂಟು. ಅಲ್ಲಿ ಅದು ಅರಸನ ವಿನೋದವಲ್ಲ, ಮೃಗಗಳ ಹಾವಳಿಯಿಂದ ಬೆಳೆ ಕಳೆದುಕೊಂಡ ಪ್ರಜೆಗಳ ಮೊರೆಗೆ ಓಗೊಟ್ಟು ಹೊರಟದ್ದು. ಆ ಬೇಟೆಯೇ ಅರಸನನ್ನು ವಿಶ್ವಾಮಿತ್ರನ ಆಶ್ರಮಕ್ಕೆ ತಂದು ಕಥೆಯನ್ನು ತಿರುಗಿಸುತ್ತದೆ. ಈ ಕಾವ್ಯವನ್ನು ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಸಂಗ್ರಹಿಸಿ ವಿದ್ಯಾವಂತರ ಮನೆಗಳಿಗೆ ಮುಟ್ಟಿಸಿದ ಟಿ. ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಇವರಿಬ್ಬರ ಮಾರ್ಗ ಹಿಡಿದ ಅನೇಕ ಕಾವ್ಯಗಳಲ್ಲಿ ಬೇಟೆಯು ಬಣ್ಣ ಹಚ್ಚಿದ ತೆರೆ ಮಾತ್ರ: ನಾಯಿಗಳ ಬೊಗಳು, ಬಲೆಗಳ ರಾಶಿ, ಸತ್ತ ಮೃಗಗಳ ಪಟ್ಟಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಕೇಳಿದರೆ ಕವಿಯಲ್ಲಿ ಉತ್ತರವಿಲ್ಲ.

ಗಾಳಿಯ ದಿಕ್ಕನ್ನು ಹೇಳುವ ಗ್ರಂಥವೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿದುದುಂಟು. ಭಾಷೆ ಮಾತ್ರ ಸಂಸ್ಕೃತ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸವೇ ಅದು. ಅಂದು ನೊಳಂಬವಾಡಿಯೆನಿಸಿದ್ದ ಈ ಸೀಮೆಯೂ ಅವನ ಆಳಿಕೆಗೆ ಸೇರಿತ್ತು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಮತ್ಸ್ಯವಿನೋದ ಮೃಗಯಾವಿನೋದಗಳೆರಡೂ ಬರುತ್ತವೆ. ನೀರು ಕುಡಿಯಲು ಬರುವ ಮೃಗವನ್ನು ಕಾಯುವುದು, ಗಾಳಿಗೆದುರಾಗಿ ಸಾಗುವುದು, ಸಿವಂಗಿಯನ್ನು ಬಿಡುವುದು, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು ಎಂದು ಬಗೆಬಗೆಯಾಗಿ ಅವನು ವಿವರಿಸುತ್ತಾನೆ. ಹೀಗೆ ಸೆಳೆಯಲು ಸಾಕಿದ ಮೃಗಕ್ಕೆ ಕನ್ನಡದಲ್ಲಿ ದೀಹವೆಂದು ಅಚ್ಚುಕಟ್ಟಾದ ಹೆಸರಿದೆ. ಇಂದು ಅದು ನಿಘಂಟಿನಲ್ಲಿ ಮಲಗಿರುವ ಮಾತು.

ಮತ್ಸ್ಯವಿನೋದವಂತೂ ಓದತಕ್ಕ ಭಾಗ. ಕಡಲ ಮೀನು ಹೊಳೆಯ ಮೀನು, ಹುರುಪೆಯುಳ್ಳದ್ದು ಹುರುಪೆಯಿಲ್ಲದ್ದು ಎಂಬ ವಿಭಾಗ. ಯಾವ ಮೀನು ಯಾವ ಆಹಾರವನ್ನು ಬಯಸುವುದೆಂಬ ವಿವರ. ಗಾಳದ ಕೋಲು ಹುರಿಗಳ ಲಕ್ಷಣ. ಗಾಳ ಹಾಕುವುದಕ್ಕೆ ಮುಂಚೆ ಹಿಟ್ಟಿನ ಉಂಡೆಗಳನ್ನು ಎಸೆದು ಮೀನನ್ನು ಒಂದೆಡೆಗೆ ರೂಢಿ ಮಾಡಿಸುವ ಉಪಾಯ: ಇವೆಲ್ಲ ಅಲ್ಲಿವೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿಶೇಷವಾಗಿ ಪರಿಶೀಲಿಸಿ ಬರೆದರು. ಅರಸನೊಬ್ಬನು ಬೆಸ್ತನಿಂದ ಕಲಿತದ್ದನ್ನು ಶ್ಲೋಕದಲ್ಲಿ ಕಟ್ಟಿದನೆಂದರೆ ಆ ಶ್ಲೋಕದ ರಸ ಎಷ್ಟೇ ತೆಳುವಾಗಿರಲಿ, ಅದಕ್ಕೆ ಕೈಮುಗಿಯಬಹುದು.

ಕನ್ನಡ ಕಾವ್ಯದಲ್ಲಿ ಮೀನಿಗೆ ದೊರೆತ ಸ್ಥಾನವು ಇದಕ್ಕೆ ಹೋಲಿಸಿದರೆ ಬಹಳ ಇಕ್ಕಟ್ಟಾದುದು. ಅದು ನಾಯಕಿಯ ಕಣ್ಣಾಗಿ ಹೊಳೆಯುತ್ತದೆ. ಇಲ್ಲವೆ ಆಸೆಗೆ ಸಿಕ್ಕಿ ಗಾಳ ನುಂಗುವ ಜೀವಕ್ಕೆ ದೃಷ್ಟಾಂತವಾಗುತ್ತದೆ. ಮೀನು ಮೀನಾಗಿಯೇ ಬರುವುದು ಅಪರೂಪ. ಬೇಟೆ ಅರಸನದು, ಮೀನು ಹಿಡಿಯುವುದು ಕುಲಕಸುಬಿನವನದು ಎಂಬ ಭೇದವೇ ಇದರ ಕಾರಣವಿರಬೇಕು. ಚಳ್ಳಕೆರೆ ಎಂಬ ಹೆಸರಿನಲ್ಲಿಯೇ ಕೆರೆಯಿದೆ. ಈ ಸೀಮೆಯ ಕೆರೆಗಳು ತುಂಬುವ ವರ್ಷಕ್ಕಿಂತ ಬತ್ತುವ ವರ್ಷಗಳೇ ಹೆಚ್ಚು. ಕೊರಮೀನು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲ ಮೀನಾದುದರಿಂದ ನೀರಿಳಿದ ಕೆರೆಯ ಕೆಸರಿನಲ್ಲಿಯೂ ಬದುಕುಳಿಯುತ್ತದೆ. ಮರಿಗಳ ಹಿಂಡನ್ನು ಬಿಟ್ಟಗಲದೆ ಕಾಯುತ್ತದೆ. ಮರಿ ಕಾಯುವ ಕೊರಮೀನನ್ನು ಹಿಡಿಯುವುದು ಸುಲಭ. ಹಿಡಿದರೆ ಮರಿಗಳೆಲ್ಲ ಹಾಳು. ಸಂಯಮಕ್ಕೂ ವಾತ್ಸಲ್ಯಕ್ಕೂ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿದ್ದರೆ ಕವಿಗಳು ಕೆರೆಯ ಏರಿಯವರೆಗೆ ನಡೆದರೆ ಸಾಕಿತ್ತು.

ಹೊಸಗನ್ನಡದ ಗದ್ಯವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. 1933ರ ಮಲೆನಾಡಿನ ಚಿತ್ರಗಳು, 1936ರ ಕಾನೂರು ಹೆಗ್ಗಡಿತಿ ಇವುಗಳಲ್ಲಿ ಕುವೆಂಪು ಅವರು ಬರೆದ ಬೇಟೆಯು ಬಲ್ಲವರ ಬೇಟೆ. ಹಳುವಿಗೆ ನುಗ್ಗಿ ಮೃಗವನ್ನು ಎಬ್ಬಿಸುವವರು ಒಂದು ಕಡೆ, ಕೋವಿ ಹಿಡಿದು ಬಿಲ್ಲಿಗೆ ನಿಲ್ಲುವವರು ಒಂದು ಕಡೆ. ಬಿಲ್ಲು ಹೋಗಿ ಕೋವಿ ಬಂದರೂ ನಿಲ್ಲುವ ಜಾಗದ ಹೆಸರು ಬಿಲ್ಲಾಗಿಯೇ ಉಳಿಯಿತು. ಪೂರ್ಣಚಂದ್ರ ತೇಜಸ್ವಿಯವರು 1991ರ ಪರಿಸರದ ಕಥೆಯಲ್ಲಿ ಗಾಳದ ಮೀನುಗಾರಿಕೆಗೆ ಮೊದಲ ಬಾರಿಗೆ ತಕ್ಕ ಗದ್ಯವನ್ನು ಕೊಟ್ಟರು. ಅದರಲ್ಲಿ ಉಪದೇಶವೂ ಉಂಟು, ಪೇಚಾಟವೂ ಉಂಟು, ಹಾಸ್ಯವೂ ಉಂಟು. ಆದರೆ ಇದೆಲ್ಲ ಮಲೆನಾಡು. ಅಲ್ಲಿಯ ಬೇಟೆ ಕಿವಿಯದು: ತರಗೆಲೆಯ ಸದ್ದು, ನಾಯಿಯ ಕೂಗು, ಹಳುವಿನ ಅಲುಗಾಟ. ಬಯಲುಸೀಮೆಯ ಬೇಟೆ ಕಣ್ಣಿನದು. ಅದಕ್ಕೆ ಸರಿದೂಗುವ ಗದ್ಯ ಇನ್ನೂ ಹುಟ್ಟಿಲ್ಲ.

ಅದರ ಅರಿವು ಇದ್ದುದು ಮ್ಯಾಸಬೇಡರಲ್ಲಿ. ಬೇಟೆಯ ಕುಲವಾಗಿದ್ದೂ ಕೋಳಿಯನ್ನು ಮುಟ್ಟದ, ದೇವರ ಎತ್ತುಗಳನ್ನು ದೈವದಂತೆ ಸಾಕುವ ಈ ಜನರ ಕಥನಗಳಲ್ಲಿ ಗಾದರಿಪಾಲನಾಯಕ, ಜಗಲೂರು ಪಾಪನಾಯಕರಂಥ ವೀರರು ಬಾಳುತ್ತಿದ್ದಾರೆ. ಜಾನಪದ ವಿದ್ವಾಂಸರು ಇವುಗಳನ್ನು ಸಂಗ್ರಹಿಸಿ ಉಪಕರಿಸಿದ್ದಾರೆ. ಆದರೆ ಸಂಗ್ರಾಹಕರ ದೃಷ್ಟಿ ವೀರನ ಮೇಲೆ ನಿಂತಷ್ಟು ಅವನ ಕುಶಲತೆಯ ಮೇಲೆ ನಿಂತಿಲ್ಲ. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆಯ ಮೃಗಗಳನ್ನೂ ಮೀನುಗಳನ್ನೂ ಒಂದೇ ನಿಬಂಧನೆಯಲ್ಲಿ ಸೇರಿಸಿ ರಕ್ಷಿಸಲು ತೊಡಗಿತು; 1972ರ ವನ್ಯಜೀವಿ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ಪೂರ್ತಿಯಾಗಿ ನಿಲ್ಲಿಸಿತು. ನಿಲ್ಲಿಸಿದುದು ಯುಕ್ತವೇ. ಆದರೆ ಅಂದು ಇಪ್ಪತ್ತು ವರ್ಷದವರಾಗಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಈಚೆಗೆ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಿಗೆ ಹೋದಾಗ, ಅಲ್ಲಿಯ ಮೃಗಗಳ ನಡೆ ನೆಲೆಗಳ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಬೇಗನೆ ಉತ್ತರ ಕೊಡಬಲ್ಲವರಲ್ಲಿ ಹಳೆಯ ಬೇಟೆಗಾರರೂ ಸೇರಿದ್ದರು.

ಕೊಲ್ಲುವ ವಿದ್ಯೆಯನ್ನು ಬರೆದಿಡುವುದು ಕೊಲೆಯನ್ನು ಹೊಗಳಿದಂತೆ ಆಗುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಉತ್ತರವು ಅಶೋಕನಲ್ಲಿಯೇ ದೊರೆಯುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಶಾಸನಗಳು ಪ್ರಾಣಿಗಳಲ್ಲಿ ದಯೆಯನ್ನು ಒಂದೇ ಮಾತಿನಲ್ಲಿ ಬೋಧಿಸುತ್ತವೆ. ಉತ್ತರದ ಸ್ತಂಭಗಳ ಮೇಲಿನ ಐದನೆಯ ಶಾಸನವಾದರೋ ಕೊಲ್ಲಬಾರದ ಪ್ರಾಣಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಮೀನನ್ನು ಯಾವ ಯಾವ ತಿಥಿಗಳಲ್ಲಿ ಹಿಡಿಯಬಾರದು, ಮಾರಬಾರದು ಎಂದು ವಿಧಿಸುತ್ತದೆ. ಬೆಸ್ತರ ಜಲಾಶಯಗಳನ್ನು ಬೇರೆಯಾಗಿಯೇ ಹೇಳುತ್ತದೆ. ಆ ಪಟ್ಟಿಯನ್ನು ಅರಮನೆಯಲ್ಲಿ ಕುಳಿತ ಲಿಪಿಕಾರನೊಬ್ಬನೇ ಮಾಡಿರಲಾರನು. ಯಾವ ಮೀನಿಗೆ ಮುಳ್ಳಿಲ್ಲ, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಹೇಳಲು ವ್ಯಾಧನೂ ಬೆಸ್ತನೂ ಅವನ ಬಳಿ ಇದ್ದಿರಬೇಕು.

ಆದುದರಿಂದ ಜಿಲ್ಲೆಯ ಸಾಹಿತ್ಯಾಸಕ್ತರು ಮ್ಯಾಸರ ಹಟ್ಟಿಗಳಿಗೆ ಹೋದಾಗ ಹಾಡನ್ನು ಬರೆದುಕೊಂಡ ಮೇಲೆ ಇನ್ನಷ್ಟು ಹೊತ್ತು ಕುಳಿತು ಕೇಳತಕ್ಕ ಪ್ರಶ್ನೆಗಳು ಹಲವು. ಮರಿ, ಎಳೆಯ ಗಂಡು, ಕಪ್ಪು ತಿರುಗಿದ ಗಂಡು, ಹಿಂಡು ಬಿಟ್ಟ ಮುದಿಗಂಡು ಇವಕ್ಕೆ ಬೇರೆ ಬೇರೆ ಹೆಸರುಗಳಿದ್ದುವೆ. ಬೇಸಗೆಯಲ್ಲಿ ಹಿಂಡು ಯಾವ ಹಳ್ಳದ ನೀರಿಗೆ ಇಳಿಯುತ್ತಿತ್ತು. ಮಳೆ ತಡವಾದ ವರ್ಷ ಎತ್ತ ಸರಿಯುತ್ತಿತ್ತು. ಬಸುರಾದ ಹುಲ್ಲೆಯನ್ನು ದೂರದಿಂದ ಗುರುತಿಸುವುದು ಹೇಗೆ. ಕೆರೆ ಬತ್ತುವಾಗ ಮೊದಲು ಸಾಯುವ ಮೀನು ಯಾವುದು, ಕಡೆಯವರೆಗೆ ಉಳಿಯುವುದು ಯಾವುದು. ಯಾವ ತಿಂಗಳಲ್ಲಿ ಬಲೆಯನ್ನು ಮನೆಯ ಗಳುವಿಗೆ ಕಟ್ಟಿ ಬಿಡುತ್ತಿದ್ದರು, ಅದನ್ನು ಬಿಚ್ಚುವ ದಿನವನ್ನು ಯಾರು ಹೇಳುತ್ತಿದ್ದರು.