ಶ್ರೀಮತಿಯ ಚಿತ್ರಪಟ

ಪ್ರಾಚೀನ ಕಾವ್ಯಗಳ ಚಿತ್ರಪಟ ಪ್ರಸಂಗಗಳನ್ನು ವಿಪ್ರಲಂಭ ಶೃಂಗಾರದ ಅಂಗವೆಂದೇ ಎಣಿಸುವ ರೂಢಿಯುಂಟು. ಕಾಳಿದಾಸನ ಶಾಕುಂತಲದ ಆರನೆಯ ಅಂಕಕ್ಕೆ ಈ ಮಾತು ಸಲ್ಲುತ್ತದೆ. ಅಲ್ಲಿ ದುಷ್ಯಂತನು ತಾನು ಬರೆದ ಚಿತ್ರವನ್ನೇ ನಿಜವೆಂದು ಭ್ರಮಿಸಿ ಕ್ಷಣಕಾಲ ವಿರಹವನ್ನು ಮರೆಯುತ್ತಾನೆ. ಆದರೆ ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಬರುವ ಶ್ರೀಮತಿಯ ಪಟಕ್ಕೂ ಇದನ್ನೇ ಅನ್ವಯಿಸುವುದು ಯುಕ್ತವಲ್ಲ.

ದೇವತೆಗಳ ಆಗಮನವನ್ನು ಕಂಡು ಶ್ರೀಮತಿಗೆ ಜಾತಿಸ್ಮರಣೆಯುಂಟಾಗುತ್ತದೆ. ತಾನು ಸ್ವಯಂಪ್ರಭೆಯಾಗಿ ಲಲಿತಾಂಗದೇವನೊಡನೆ ಕಳೆದ ಭವವನ್ನು ಆಕೆ ಪಟದಲ್ಲಿ ಚಿತ್ರಿಸುತ್ತಾಳೆ. ದಾದಿಯಾದ ಪಂಡಿತೆಯು ಅದನ್ನು ಜಿನಾಲಯದಲ್ಲಿ ಹರಡುತ್ತಾಳೆ. ಈ ಕಥೆಗೆ ಆಕರವಾದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ, ಪಟವನ್ನು ಬಲ್ಲೆವೆಂದು ಸುಳ್ಳಾಡಿ ಬಂದವರು ಅದರ ಗೂಢಾರ್ಥವನ್ನು ಕೇಳಿದಾಗ ನಿರುತ್ತರರಾಗುತ್ತಾರೆ. ವಜ್ರಜಂಘನಾದರೋ ಅದನ್ನು ನೋಡಿ ಮೂರ್ಛಿತನಾಗಿ, ತಾನೇ ಆ ಲಲಿತಾಂಗನೆಂದು ಅರಿಯುತ್ತಾನೆ.

‘ಅದೇ ಇದು’ ಎಂಬ ಈ ಅರಿವು ನಮ್ಮ ನ್ಯಾಯಶಾಸ್ತ್ರದಲ್ಲಿ ಪ್ರತ್ಯಭಿಜ್ಞಾನವೆನಿಸುತ್ತದೆ. ಅಕಲಂಕದೇವರು ಅದನ್ನು ಪರೋಕ್ಷಪ್ರಮಾಣಗಳಲ್ಲಿ ಸೇರಿಸಿದ್ದಾರೆ. ದುಷ್ಯಂತನ ಚಿತ್ರದ ಫಲ ಭ್ರಮೆ. ಶ್ರೀಮತಿಯ ಪಟದ ಫಲ ಪ್ರಮಾಣಜ್ಞಾನ. ಜೈನ ಕವಿಗಳು ಚಿತ್ರಕಲೆಗೆ ಕೊಟ್ಟ ಗೌರವ ಇಲ್ಲಿದೆ.

ಆದುದರಿಂದ ಪಟದ ವಿವರಗಳನ್ನು ಸಾಕ್ಷ್ಯವೆಂದೇ ಓದಬೇಕು. ಲಿಪಿಕಾರನು ಇಲ್ಲಿ ಒಂದು ಪದವನ್ನು ತಪ್ಪಿದರೆ ವರ್ಣನೆಯ ಸೊಗಸಿನೊಡನೆ ಗುರುತೂ ಕೆಡುತ್ತದೆ. ‘ಬರಿಯ ವರ್ಣನೆ’ಯೆಂದು ಸಂಪಾದಕರು ಇಂಥ ಪದ್ಯಗಳ ಪಾಠಾಂತರಗಳನ್ನು ಲಘುವಾಗಿ ಕಾಣಲಾಗದು. ಮೂಡುಬಿದಿರೆಯ ಧವಳಾ ತಾಡವೋಲೆಗಳ ವರ್ಣಚಿತ್ರಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದ ಪರಂಪರೆ ನಮ್ಮದು. ಅಕ್ಷರಗಳಲ್ಲಿ ಬರೆದಿಟ್ಟ ಚಿತ್ರಕ್ಕೂ ಅದೇ ಜೋಪಾನ ಸಲ್ಲಬೇಕಾಗಿದೆ.