ಕೈಗುಣ ನಂಬಿ ಹೋದ ಹೊಟ್ಟೆನೋವು

ಹೆರಿಗೆಗೆ ಯಾರ ಹತ್ತಿರ ಹೋಗಲಿ ಎಂದು ಕೇಳಿದರೆ ನಮ್ಮ ಹೆಂಗಸರು ಥಟ್ಟನೆ ಒಂದು ಹೆಸರು ಹೇಳುತ್ತಾರೆ, ಜೊತೆಗೆ ಕಾರಣವನ್ನೂ: "ಅವರ ಕೈಗುಣ ಚೆನ್ನಾಗಿದೆ." ವರ್ಷಗಟ್ಟಲೆ ಕಿಬ್ಬೊಟ್ಟೆ ಹಿಂಡುತ್ತಿರುವವಳಿಗೂ ಅದೇ ಹೆಸರು, ಅದೇ ಕಾರಣ. ಕೈಗುಣದ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಂಬಿ ಹೋದವರಿಗೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆದರೆ ಸಾವಿರ ಹೆರಿಗೆ ಮಾಡಿಸಿದ ಕೈಗೆ ಈ ನೋವಿನ ಗುಟ್ಟೂ ಸಿಕ್ಕೀತು ಎಂಬ ಲೆಕ್ಕ ಮಾತ್ರ ತಪ್ಪು.

ಹೆರಿಗೆಗೆ ಒಂದು ತಾರೀಖಿದೆ, ಮುಗಿತಾಯವಿದೆ. ಇಂಥ ನೋವಿನ ಹಿಂದೆ ಇರಬಹುದಾದ ಎಂಡೊಮೆಟ್ರಿಯೋಸಿಸ್‌ಗೆ ಎರಡೂ ಇಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ, ಅಂಡಾಶಯದಲ್ಲೋ ಕರುಳಿನ ಮೇಲೋ ಮೂತ್ರಕೋಶದ ಬಳಿಯೋ ಬೆಳೆಯುತ್ತದೆ, ಉರಿಯೂತ ತರುತ್ತದೆ, ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 10 ಮಂದಿಗೆ ಇದಿದೆ. ಜಗತ್ತಿನಲ್ಲಿ ಸುಮಾರು 19 ಕೋಟಿ ಜನ. 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಬಳಕೆಗೆ ತಂದ ಈ ಹೆಸರು, ನರಳುವವಳ ಕಿವಿಗೆ ಬೀಳುವಷ್ಟರಲ್ಲಿ ಇವತ್ತಿಗೂ ಎಷ್ಟೋ ವರ್ಷ ಕಳೆದಿರುತ್ತದೆ.

ಆ ವರ್ಷಗಳಲ್ಲಿ ಅವಳಿಗೆ ಸಿಗುವ ಉತ್ತರಗಳಿಗೆ ಒಂದು ಕ್ರಮವಿದೆ. ಹದಿನೇಳಕ್ಕೆ "ಮದುವೆಯಾದರೆ ಸರಿಹೋಗುತ್ತಮ್ಮ." ಇಪ್ಪತ್ತೈದಕ್ಕೆ "ಒಂದು ಮಗುವಾಗಲಿ." ಮೂವತ್ತೆಂಟಕ್ಕೆ "ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ." ಗಮನಿಸಿ, ಈ ಮೂರರಲ್ಲೂ ರೋಗದ ಸುದ್ದಿಯೇ ಇಲ್ಲ, ಇರುವುದು ಹೆಂಗಸಿನ ಸಂಸಾರದ ಲೆಕ್ಕ. ಬಸಿರಿನಲ್ಲಿ ಮುಟ್ಟು ನಿಂತಾಗ ಕೆಲವರಿಗೆ ನೋವು ತಗ್ಗುವುದುಂಟು, ಅದು ವಾಸಿಯಾಗುವುದಲ್ಲ. ಗರ್ಭಕೋಶ ತೆಗೆದರೂ ಕರುಳಿಗಂಟಿದ್ದು ಅಲ್ಲೇ ಉಳಿದರೆ ನೋವೂ ಉಳಿಯಬಹುದು. "ತೆಗೆಸಿಬಿಡಿ" ಎಂಬ ಮಾತು ಎಷ್ಟು ಅಗ್ಗವಾಗಬಲ್ಲದು ಎಂಬುದನ್ನು ಕಲಬುರಗಿ ಸೀಮೆಯ ತಾಂಡಾಗಳಲ್ಲಿ ಕೇಳಬೇಕು. ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದ ಲಂಬಾಣಿ, ದಲಿತ ಹೆಂಗಸರು ಗರ್ಭಕೋಶ ಕಳೆದುಕೊಂಡು ಬಂದ ಕಥೆ 2015ರಲ್ಲಿ ಬೀದಿಗೆ ಬಂತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೊಳಿಸಿ ಎಂದು ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಇನ್ನು ಸ್ಕ್ಯಾನಿಂಗ್. ಈ ರೋಗದಿಂದ ಅಂಡಾಶಯದಲ್ಲಾಗುವ ಗಂಟು, ಚಾಕೊಲೇಟ್ ಸಿಸ್ಟ್, ಅದರಲ್ಲಿ ಸಾಮಾನ್ಯವಾಗಿ ಕಾಣುತ್ತದೆ; ಮೇಲ್ಪದರದ ಸಣ್ಣ ಕಲೆಗಳು ಕಾಣುವುದಿಲ್ಲ. ರೋಗ ಎಷ್ಟು ಹರಡಿದೆಯೋ ನೋವೂ ಅಷ್ಟೇ ಎಂಬ ತಾಳೆಯೂ ಇಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಎಂಬುದರಿಂದ ನೋವು ಸುಳ್ಳಾಗುವುದಿಲ್ಲ.

"ಲೇಡಿ ಡಾಕ್ಟರೇ ಆಗಲಿ, ಅವರಿಗೆ ಅರ್ಥವಾಗುತ್ತೆ" ಎನ್ನುವವರಿದ್ದಾರೆ. ಪರೀಕ್ಷೆಗೆ ಸಂಕೋಚವಾಗದಿರಲಿ ಎಂದಾದರೆ ಸರಿ. ಆದರೆ "ನಮಗೂ ಬರುತ್ತಲ್ಲಮ್ಮ, ತಡ್ಕೋಬೇಕು" ಎಂಬ ಮಾತು ನಾನು ಕೇಳಿರುವುದು ಹೆಚ್ಚಾಗಿ ಅವರ ಬಾಯಿಂದಲೇ.

ಡಾಕ್ಟರು ಕೇಳುವ ಪ್ರಶ್ನೆಗಳನ್ನು ನೋಡಿ ಆರಿಸಬೇಕು ಎಂಬುದು ನನ್ನ ವಾದ. ಮುಟ್ಟಿನ ದಿನ ಸಂಡಾಸಿಗೆ ಕೂತಾಗ ನೋಯುತ್ತದೆಯೇ? ಗಂಡನ ಜೊತೆ ಸೇರುವಾಗ? ಮೂತ್ರ ಉರಿಯುತ್ತದೆಯೇ? ಕುಟುಂಬದಲ್ಲಿ ಯಾರಿಗಾದರೂ ಕ್ಷಯ ಇತ್ತೇ? ನಮ್ಮ ದೇಶದಲ್ಲಿ ಈ ಕೊನೆಯದನ್ನು ಬಿಡುವಂತಿಲ್ಲ, ಗರ್ಭನಾಳದ ಕ್ಷಯವೂ ಇದೇ ವೇಷದಲ್ಲಿ ಬರುತ್ತದೆ. ಆಪರೇಷನ್ ಎಂದರೆ, ಕರುಳಿನ ಸರ್ಜನ್ ಜೊತೆಗಿರುತ್ತಾರೆಯೇ ಎಂದು ನಾವೂ ತಿರುಗಿ ಕೇಳಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಫೈಲು ಎತ್ತಿಕೊಂಡು ಹೊರಡಬಹುದು. ಡಾಕ್ಟರ್ ಬದಲಾಯಿಸುವವಳು ಎಂದು ಜನ ಆಡಿಕೊಳ್ಳುತ್ತಾರೆ. ಸೀರೆ ಅಂಗಡಿಯನ್ನು ಬದಲಾಯಿಸಿದಾಗ ಯಾರೂ ಆಡಿಕೊಳ್ಳುವುದಿಲ್ಲ.

ನನ್ನ ಚಿಕ್ಕಮ್ಮನ ಮಗಳು ಐದನೆಯವರ ಹತ್ತಿರ ಹೋದಾಗ ಆತ ಮುಕ್ಕಾಲು ಗಂಟೆ ಕೇಳಿಸಿಕೊಂಡು, ಪರೀಕ್ಷಿಸಿ, "ಇದು ನನ್ನ ಕೈಲಾಗುವ ಆಪರೇಷನ್ ಅಲ್ಲ" ಎಂದು ಬೇರೆಯವರಿಗೊಂದು ಚೀಟಿ ಬರೆದರು. ಕಿಬ್ಬೊಟ್ಟೆಯ ಸ್ನಾಯು ಬಿಗಿದಿದೆ ಎಂದು ಫಿಸಿಯೋಥೆರಪಿಗೂ ಕಳಿಸಿದರು. ಊರಲ್ಲಿ ಆತನಿಗೆ ಕೈಗುಣದ ಹೆಸರೇನೂ ಇಲ್ಲ. ಹೆರಿಗೆ ಮಾಡಿಸುವುದನ್ನು ಬಿಟ್ಟು ಹತ್ತು ವರ್ಷವಾಯಿತಂತೆ.