ಭಯಾನಕಕ್ಕೆ ವಿಭಾವ ಯಾವುದು? ‘ಡೀಪ್‌ವಾಟರ್ ಹೊರೈಜ಼ನ್’ ಚಲಚ್ಚಿತ್ರವನ್ನು ಕುರಿತು

ಭಯಾನಕರಸದ ವಿಭಾವಗಳನ್ನು ಎಣಿಸುವಾಗ ಭರತಮುನಿಯು ವಿಕೃತಧ್ವನಿ, ಅರಣ್ಯ, ಶೂನ್ಯಗೃಹ ಮೊದಲಾದುವನ್ನು ಹೇಳಿ, ಅವುಗಳ ಜತೆಯಲ್ಲಿಯೇ ಗುರುವಿಗೂ ಅರಸನಿಗೂ ಮಾಡಿದ ಅಪರಾಧವನ್ನೂ ಸೇರಿಸಿರುವನು. ಮೊದಲಿನವು ಹೊರಗಿನಿಂದ ಬಂದೆರಗುವಂಥವು. ಕಡೆಯದು ತಾನು ಮಾಡಿದ ತಪ್ಪಿನಿಂದ ಒಳಗೇ ಹುಟ್ಟುವ ಭಯ. ಈ ಭೇದವನ್ನು ನಾವು ಪಾಠ ಹೇಳುವಾಗ ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುತ್ತೇವೆ. ಕಡಲಿನ ತೈಲಬಾವಿಗಳ ವಿಪತ್ತನ್ನು ವಸ್ತುವಾಗಿ ಉಳ್ಳ ಚಲಚ್ಚಿತ್ರಗಳನ್ನು ಪರಿಶೀಲಿಸಿದರೆ ಅದರ ಬೆಲೆ ತಿಳಿಯುವುದು. ಅಂಥವುಗಳಲ್ಲಿ ಪೀಟರ್ ಬರ್ಗ್ ನಿರ್ದೇಶಿಸಿ 2016ರಲ್ಲಿ ಹೊರಬಂದ ‘ಡೀಪ್‌ವಾಟರ್ ಹೊರೈಜ಼ನ್’ ಎಂಬುದನ್ನು ಇಲ್ಲಿ ಆರಿಸಿಕೊಂಡಿದೆ. ಇದು ಅತ್ಯುತ್ತಮವೆಂದಲ್ಲ, ಎರಡು ಬಗೆಯ ಭಯವೂ ಇದರಲ್ಲಿ ಸೇರಿ, ಒಂದು ಇನ್ನೊಂದನ್ನು ನುಂಗಿರುವುದರಿಂದ.

ಚಿತ್ರದ ವಸ್ತು ಕಲ್ಪಿತವಲ್ಲ. 2010ನೆಯ ಏಪ್ರಿಲ್ 20ರ ರಾತ್ರಿ, ಮೆಕ್ಸಿಕೋ ಕೊಲ್ಲಿಯಲ್ಲಿ, ಲೂಯಿಸಿಯಾನ ತೀರದಿಂದ ಸುಮಾರು 66 ಕಿಲೋಮೀಟರು ದೂರದಲ್ಲಿ ಆ ಹೆಸರಿನ ರಿಗ್ಗು ಸಿಡಿದು ಹೊತ್ತಿಕೊಂಡಿತು. ಮೇಲಿದ್ದ 126 ಮಂದಿಯಲ್ಲಿ 11 ಮಂದಿ ಮಡಿದರು. ಎರಡು ದಿನಗಳ ಮೇಲೆ ರಿಗ್ಗು ಮುಳುಗಿತು. ತಳದ ಬಾವಿಯಿಂದ 87 ದಿನಗಳವರೆಗೆ ತೈಲ ಹರಿಯಿತು. ಆ ವರ್ಷವೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬಂದ ದೀರ್ಘವಾದ ಒಂದು ವೃತ್ತಾಂತವು ಚಿತ್ರಕಥೆಗೆ ಆಧಾರ.

ನಾಟ್ಯಶಾಸ್ತ್ರಜ್ಞರು ಬೀಜವೆಂದು ಕರೆಯುವುದನ್ನು ನಿರ್ದೇಶಕನು ಆರಂಭದಲ್ಲಿಯೇ ಸೊಗಸಾಗಿ ಬಿತ್ತಿದ್ದಾನೆ. ನಾಯಕನಾದ ಮೈಕ್ ವಿಲಿಯಮ್ಸನ ಪುಟ್ಟ ಮಗಳು ತಂದೆಯ ಕೆಲಸವನ್ನು ಶಾಲೆಯಲ್ಲಿ ವಿವರಿಸಬೇಕಾಗಿದೆ. ಊಟದ ಮೇಜಿನ ಮೇಲೆ ಪಾನೀಯದ ಡಬ್ಬಿಗೆ ಕೊಳವೆಯನ್ನು ಚುಚ್ಚಿ, ಮೇಲಿನಿಂದ ಜೇನನ್ನು ಸುರಿದು ಒತ್ತಡವನ್ನು ತಡೆಯುವ ಬಗೆಯನ್ನು ತೋರಿಸುವರು. ಎಲ್ಲರೂ ಮೆಚ್ಚಿ ಬೇರೆ ಮಾತಿಗೆ ಹೋದಮೇಲೆ ಡಬ್ಬಿ ಉಕ್ಕಿ ಚಿಮ್ಮುತ್ತದೆ. ಮುಂದೆ ನಡೆಯುವ ಎಲ್ಲವೂ ಅಷ್ಟರಲ್ಲಿ ಅಡಗಿದೆ. ಅಧಿಕಾರಿಯೊಬ್ಬನ ಕೊರಳಪಟ್ಟಿಯ ಬಣ್ಣವು ಅಪಾಯಸೂಚನೆಯ ಬಣ್ಣವೆಂದು ಅದನ್ನು ತೆಗೆಸುವ ಪ್ರಸಂಗವಾದರೋ ಶಕುನವನ್ನು ಬೆರಳಿಟ್ಟು ತೋರಿಸಿದಂತಿದೆ. ಅದು ಇಲ್ಲದಿದ್ದರೂ ನಡೆಯುತ್ತಿತ್ತು.

ಚಿತ್ರದ ಜೀವವಿರುವುದು ಒತ್ತಡಪರೀಕ್ಷೆಯ ಪ್ರಕರಣದಲ್ಲಿ. ಕೊರೆತ ಮುಗಿದ ಬಾವಿಯ ತಳವನ್ನು ಸಿಮೆಂಟಿನಿಂದ ಮುಚ್ಚಿ, ಆ ಮುಚ್ಚಳವು ಭದ್ರವೇ ಎಂದು ನೋಡಬೇಕು. ಬಾವಿಯನ್ನು ಅದುಮಿ ಹಿಡಿದಿರುವ ಭಾರವಾದ ಕೆಸರುದ್ರವದ ಒಂದು ಭಾಗವನ್ನು ತೆಗೆದು ಕಡಲನೀರನ್ನು ತುಂಬಿ, ಮೇಲಿನ ಒತ್ತಡವನ್ನು ಇಳಿಸಿ ಕಾಯುವರು. ಸಿಮೆಂಟು ಹಿಡಿದಿದ್ದರೆ ಮಾಪಕದ ಅಂಕೆ ಸೊನ್ನೆಯಲ್ಲಿ ನಿಲ್ಲಬೇಕು. ಅಂದು ಕೊರೆಯುವ ಕೊಳವೆಯಲ್ಲಿ ಒತ್ತಡವು ಚದರಂಗುಲಕ್ಕೆ 1400 ಪೌಂಡಿನವರೆಗೆ ಏರಿತು. ಅದೇ ಬಾವಿಗೆ ಸೇರಿದ ಇನ್ನೊಂದು ಸಣ್ಣ ಕೊಳವೆಯನ್ನು ನೋಡಿದರು. ಅಲ್ಲಿ ಏನೂ ಇಲ್ಲ. ಒಂದೇ ಬಾವಿಗೆ ಎರಡು ಬಾಯಿ. ಎರಡೂ ಒಂದೇ ಮಾತನ್ನು ಆಡಬೇಕು. ಅವು ಬೇರೆಬೇರೆ ನುಡಿದಾಗ, ಆರು ವಾರ ಹಿಂದುಳಿದಿದ್ದ ಕೆಲಸವನ್ನು ಮುಗಿಸಲು ಅನುಕೂಲವಾದ ಮಾತನ್ನು ನಂಬಿದರು. ಬೆಂಕಿಯಿಲ್ಲ, ಆರ್ಭಟವಿಲ್ಲ, ಕೆಲವರು ಒಂದು ಅಂಕೆಯನ್ನು ನೋಡುತ್ತ ನಿಂತಿದ್ದಾರೆ. ಆದರೂ ಪ್ರೇಕ್ಷಕನ ಉಸಿರು ಕಟ್ಟುವುದು. ಅಪರಾಧವೇ ವಿಭಾವವಾದ ಭಯವೆಂದರೆ ಇದು. ನಡುನಡುವೆ ಕಡಲತಳದಿಂದ ಗುಳ್ಳೆಗಳೇಳುವುದನ್ನು ತೋರಿಸಿರುವುದು ಮಾತ್ರ ಸರಿಯಲ್ಲ. ಆ ಜನರಿಗೆ ಕಾಣದುದು ನಮಗೆ ಕಂಡುಬಿಟ್ಟರೆ ಅವರ ಸಂದೇಹ ನಮ್ಮದಾಗುವುದಿಲ್ಲ; ಅವರನ್ನು ಮೂಢರೆಂದು ನಾವು ಸುಲಭವಾಗಿ ತಿಳಿದುಬಿಡುತ್ತೇವೆ.

ಇದಕ್ಕಿಂತ ಹೆಚ್ಚಿನ ದೋಷವೊಂದುಂಟು. ಆ ಅಂಕೆಗೆ ‘ಬ್ಲಾಡರ್ ಎಫೆಕ್ಟ್’ ಎಂಬ ಸಮಾಧಾನವನ್ನು ಹೇಳಲಾಯಿತಷ್ಟೆ. ಚಿತ್ರದಲ್ಲಿ ಆ ವಾದವು ತೈಲ ಕಂಪನಿಯ ಅಧಿಕಾರಿ ವಿಡ್ರಿನನ ಬಾಯಲ್ಲಿದೆ. ಜಾನ್ ಮಾಲ್ಕೊವಿಚ್ ಅದನ್ನು ಹಾವಿನ ನಯದಿಂದ ನುಡಿದಿದ್ದಾನೆ. ಆದರೆ ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗದ 2011ರ ವರದಿಯಲ್ಲಿರುವುದು ಬೇರೆ: ಈ ವಿವರಣೆಯನ್ನು ಕೊಟ್ಟವನು ರಿಗ್ಗಿನ ಕೆಲಸಗಾರರಲ್ಲೊಬ್ಬನೆಂದು ಕಂಪನಿಯ ಅಧಿಕಾರಿಗಳಿಬ್ಬರೂ ಹೇಳಿದರು, ಅವನು ಆ ರಾತ್ರಿಯೇ ಮಡಿದಿದ್ದನು. ಸತ್ತವನು ಉತ್ತರ ಕೊಡಲಾರನು. ಬದುಕಿದವರ ಮಾತನ್ನು ಹಾಗೆಯೇ ಒಪ್ಪಿ ಮೃತನ ತಲೆಗೆ ಕಟ್ಟುವುದು ಅನ್ಯಾಯವೆಂದು ಕವಿಹೃದಯಕ್ಕೆ ತೋರಿದ್ದರೆ ಅದನ್ನು ನಾವು ಆಕ್ಷೇಪಿಸುವಂತಿಲ್ಲ. ಆದರೆ ಆ ಭಾರವನ್ನು ಬದುಕಿದ್ದ ಒಬ್ಬನ ಮೇಲೆ, ಅವನ ನಿಜವಾದ ಹೆಸರಿನಿಂದಲೇ, ಇಳಿಸಿದುದು ನ್ಯಾಯವೇ? ಅವನ ಮೇಲಿದ್ದ ನರಹತ್ಯೆಯ ಆರೋಪವನ್ನು 2015ರಲ್ಲಿ ಸರಕಾರವೇ ಹಿಂದೆಗೆದುಕೊಂಡಿತು. ಜಲಮಾಲಿನ್ಯದ ಸಣ್ಣ ಅಪರಾಧವೊಂದನ್ನು ಮಾತ್ರ ಅವನು ಒಪ್ಪಿಕೊಂಡನು. 2014ರಲ್ಲಿ ನ್ಯಾಯಾಧೀಶ ಬಾರ್ಬಿಯರ್ ಹೊಣೆಯನ್ನು ಹಂಚುವಾಗ ಬಾವಿಯ ಒಡೆಯರಾದ ಬಿ.ಪಿ.ಗೆ ನೂರಕ್ಕೆ 67, ರಿಗ್ಗಿನ ಒಡೆಯರಾದ ಟ್ರಾನ್ಸ್‌ಓಷನ್ನಿಗೆ 30, ಸಿಮೆಂಟು ಹಾಕಿದ ಹ್ಯಾಲಿಬರ್ಟನ್ನಿಗೆ 3 ಎಂದು ವಿಧಿಸಿದನು. ಚಿತ್ರದ ರಿಗ್ಗಿನವರಾದರೋ ಬಹುಮಟ್ಟಿಗೆ ನಿರ್ದೋಷಿಗಳು. ಪ್ರತಿನಾಯಕನು ದೊರೆತೊಡನೆ ಪ್ರೇಕ್ಷಕನಿಗೆ ನೆಮ್ಮದಿ. ಅವನನ್ನು ದ್ವೇಷಿಸಿದರೆ ಸಾಕು. ಸಜ್ಜನರೂ ಕುಶಲರೂ ಆದ ಹಲವರು ಸೇರಿ, ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ತಪ್ಪಿದರೆಂಬುದು ಅದಕ್ಕಿಂತ ಘೋರವಾದ ಮಾತು. ಚಿತ್ರವು ಅದರ ಹೊಸ್ತಿಲವರೆಗೆ ಬಂದು ಹಿಂದಿರುಗಿದೆ.

ಉತ್ತರಾರ್ಧದಲ್ಲಿ ಬೆಂಕಿ. ಅದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಿಜಪ್ರಮಾಣಕ್ಕೆ ಸಮೀಪವಾದ ರಿಗ್ಗನ್ನು ನ್ಯೂ ಆರ್ಲಿಯನ್ಸಿನಲ್ಲಿ ಕಟ್ಟಿಸಿ ಸುಟ್ಟಿರುವ ಶ್ರಮವೆಲ್ಲ ಕಣ್ಣಿಗೆ ಕಾಣುತ್ತದೆ. ಯಾರು ಎಲ್ಲಿದ್ದಾರೆಂಬುದೇ ತಿಳಿಯದಷ್ಟು ಕಾಣುತ್ತದೆ. ಕಡಲು ಮಾತ್ರ ಕಥೆಯಿಂದ ಮರೆಯಾಗಿದೆ. ತೈಲ ಬಳಿದುಕೊಂಡ ಹೆಜ್ಜಾರ್ಲೆಯೊಂದು ಹತ್ತಿರದ ಹಡಗಿನೊಳಕ್ಕೆ ನುಗ್ಗಿ ಒದ್ದಾಡುವುದೊಂದೇ 87 ದಿನಗಳ ಕಥೆಗೆ ಸೂಚನೆ.

ಇದರೊಡನೆ ಆಂಥೊನಿ ವೊಂಕ್‌ನ ‘ಫೈರ್ ಇನ್ ದ ನೈಟ್’ (2013) ಎಂಬುದನ್ನು ಹೋಲಿಸಿ ನೋಡಬೇಕು. 1988ನೆಯ ಜುಲೈ 6ರ ರಾತ್ರಿ ಉತ್ತರಸಮುದ್ರದ ಪೈಪರ್ ಆಲ್ಫಾದಲ್ಲಿ 167 ಜನ ಸತ್ತುದು ಅದರ ವಸ್ತು. ದುರಸ್ತಿಗಾಗಿ ಒಂದು ಪಂಪಿನ ರಕ್ಷಣೆಯ ಕವಾಟವನ್ನು ಬಿಚ್ಚಿದ್ದರು. ಆ ಸಂಗತಿ ರಾತ್ರಿಯ ಪಾಳಿಯವರಿಗೆ ತಿಳಿಯಲಿಲ್ಲ. ಇನ್ನೊಂದು ಪಂಪು ನಿಂತುದರಿಂದ ಅವರು ಇದನ್ನು ನಡೆಯಿಸಿದರು. ಅಲ್ಲಿ ಪ್ರತಿನಾಯಕನಿಲ್ಲ. ಬದುಕಿ ಉಳಿದವರು ಕ್ಯಾಮರಾದ ಮುಂದೆ ಕುಳಿತು ಮಾತನಾಡುವರು, ಅಷ್ಟೆ. ನೀರಿಗೆ ಹಾರಿದುದಕ್ಕಿಂತ, ತಾವು ಹಾರಿ ಜತೆಯವರು ಹಾರದೆ ಉಳಿದುದು ಅವರನ್ನು ಇಂದಿಗೂ ಕಾಡುತ್ತದೆಂಬುದು ಅವರ ಮುಖದಲ್ಲಿಯೇ ತಿಳಿಯುವುದು.

ಬರ್ಗನೂ ಕೊನೆಯಲ್ಲಿ ಒಮ್ಮೆ ಆ ಎತ್ತರವನ್ನು ಮುಟ್ಟಿದ್ದಾನೆ. ಪಾರಾದವರೆಲ್ಲ ಹಡಗಿನ ಮೇಲೆ ನೆರೆದಿರುವಾಗ ಹೆಸರು ಹಿಡಿದು ಕರೆಯುವರು. ದೂರದಲ್ಲಿ ರಿಗ್ಗು ಇನ್ನೂ ಉರಿಯುತ್ತಿದೆ, ಆದರೆ ಯಾರೂ ಅತ್ತ ನೋಡುತ್ತಿಲ್ಲ. ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ.